ಒದ್ದೆ ಪುಟ

ನಿಮ್ಮ ಊರುಗಳಲ್ಲಿ ಅಚ್ಚಿನ ಶಾಯಿ ಏನು ಬರೆದರೂ ಒಣಗುತ್ತದಂತೆ. ಪುಣ್ಯವಂತರು ನೀವು. ನಮ್ಮೂರಲ್ಲಿ ಹಾಗಲ್ಲ. ಬರೆದವನು ತನಗೆ ಗೊತ್ತಿದ್ದದ್ದನ್ನೇ ಬರೆದಿದ್ದರೆ ಅಕ್ಷರ ಒಣಗುತ್ತದೆ. ಗೊತ್ತಿದ್ದೂ ಇಲ್ಲದ್ದನ್ನು ಬರೆದಿದ್ದರೆ, ಆ ಅಕ್ಷರವನ್ನು ಬೇಸಿಗೆಯ ಬಿಸಿಲಲ್ಲಿ ಎಂಟು ದಿನ ಹರವಿಟ್ಟರೂ ಒಣಗುವುದಿಲ್ಲ. ಮುಟ್ಟಿದವರ ಬೆರಳಿಗೆ ಹತ್ತುತ್ತದೆ, ಉಜ್ಜಿದರೆ ಅಳಿಸಿಯೇ ಹೋಗುತ್ತದೆ. ಕೈಬರಹಕ್ಕೆ ಈ ಕಾಟವಿಲ್ಲ. ಬಾಯಿಮಾತಿಗಂತೂ ಇಲ್ಲವೇ ಇಲ್ಲ. ಬಾಯಲ್ಲಿ ನಮ್ಮ ಜನ ನಿಮ್ಮಷ್ಟೇ ಸುಳ್ಳು ಹೇಳುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ಹುಟ್ಟುವ ಮೊದಲಿನಿಂದ ಹೀಗೇ ಇದೆ.

ಜನ ಒಗ್ಗಿಕೊಂಡಿದ್ದಾರೆ. ಲಗ್ನಪತ್ರಿಕೆ ಮನೆಗೆ ಬಂದರೆ ಮುಹೂರ್ತ ನೋಡುವ ಮೊದಲು ಹುಡುಗನ ಹೆಸರಿನ ಮುಂದಿರುವ ಬಿ.ಎ. ಮೇಲೆ ಹೆಬ್ಬೆರಳು ಒತ್ತುತ್ತಾರೆ. ಚುನಾವಣೆಗೆ ನಿಂತವರು ಕರಪತ್ರ ಹಾಕಿಸುವುದಿಲ್ಲ, ಜೀಪಿಗೆ ಮೈಕು ಕಟ್ಟಿ ಕೂಗಿಕೊಂಡು ಹೋಗುತ್ತಾರೆ. ಒಮ್ಮೆ ಹೊಸದಾಗಿ ವರ್ಗವಾಗಿ ಬಂದ ಸಬ್ ಇನ್ಸ್‌ಪೆಕ್ಟರೊಬ್ಬ ಎಮ್ಮೆ ಕದ್ದವನನ್ನು ಹಿಡಿಯಲು, ‘ಕದ್ದವನು ಇವನೇ’ ಎಂದು ಮೂವರ ಹೆಸರನ್ನು ಬೇರೆಬೇರೆಯಾಗಿ ಅಚ್ಚು ಹಾಕಿಸಿದ. ಮೂರೂ ಒಣಗಿದವು, ಯಾಕೆಂದರೆ ಪುಣ್ಯಾತ್ಮನಿಗೆ ಮೂವರ ಮೇಲೂ ಅಷ್ಟೇ ಗುಮಾನಿ. ಮೂವರನ್ನೂ ಒಳಗೆ ಹಾಕಿದ. ನಾಲ್ಕನೆಯ ದಿನ ಎಮ್ಮೆ ತಾನಾಗೇ ಕೊಟ್ಟಿಗೆಗೆ ಬಂತು. ಶಾಯಿಗೆ ಗೊತ್ತಿರುವುದು ಬರೆದವನಿಗೆ ಗೊತ್ತಿರುವಷ್ಟೇ ಎಂಬುದು ಊರಿಗೆಲ್ಲ ತಿಳಿದ ಮಾತು. ಆದರೂ ಒಣಗಿದ್ದನ್ನು ಕಂಡರೆ ನಂಬಿಬಿಡುವ ಚಟ ಯಾರಿಗೂ ಹೋಗಿಲ್ಲ.

ನಾನು ಇಲ್ಲಿಯ ದಿನಪತ್ರಿಕೆಯ ವರದಿಗಾರ. ಹೆಸರು ಮರುಳಸಿದ್ದಪ್ಪ, ಹಿರಿಯರಿಗೆ ಸಿದ್ದಪ್ಪ, ಕಿರಿಯರಿಗೆ ಸಿದ್ದಣ್ಣ. ನಾಲ್ಕು ಪುಟದ ಪತ್ರಿಕೆ, ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆ ಪ್ರೆಸ್ಸು. ಸಂಪಾದಕ ಧರಣೇಂದ್ರಯ್ಯನವರು ಕೆಲಸಕ್ಕೆ ಸೇರಿಸಿಕೊಂಡ ದಿನ ಹೇಳಿದ್ದು ಇಷ್ಟು: “ನೋಡಿದ್ದನ್ನ ನೋಡಿದೆ ಅಂತ ಬರಿ. ಕೇಳಿದ್ದನ್ನ ಕೇಳಿದೆ ಅಂತ ಬರಿ. ಮಿಕ್ಕಿದ್ದನ್ನ ಮನೇಲಿಟ್ಟು ಬಾ. ಮತ್ತೆ ಬೇರೆಯವರ ಕಣ್ಣಿಗೆ ಬೀಳದ ಒಂದು ಸಣ್ಣ ಸಂಗತಿ ಪ್ರತಿ ವರದೀಲೂ ಇರಲಿ. ಓದೋರು ನಂಬೋದು ಅದನ್ನೇ.” ದಿನಾ ಸಂಜೆ ಪ್ರೂಫು ಬಂದಾಗ ಅವರು ಕನ್ನಡಕ ಹಾಕಿಕೊಳ್ಳುವ ಮೊದಲೇ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ನನ್ನ ವರದಿಯ ಮೇಲೆ ಒತ್ತಿದ ಆ ಬೆರಳು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕಪ್ಪಾಗಲಿಲ್ಲ. ಅದರ ಜಂಬ ನನಗೆ ಎಷ್ಟಿತ್ತೆಂದರೆ, ಮದುವೆಮನೆಯ ಪಂಕ್ತಿಯಲ್ಲಿ ಕೂತು ಸಾರಿಗೆ ಕಾಯುವಾಗಲೂ ಪಕ್ಕದವರಿಗೆ ಅದನ್ನೇ ಹೇಳುತ್ತಿದ್ದೆ. ಈಗ ನೆನೆಸಿಕೊಂಡರೆ ಮೈ ಮುದುಡಿಕೊಳ್ಳುತ್ತದೆ.

ನಮ್ಮ ಕಸುಬಿನಲ್ಲಿ ಇನ್ನೊಂದು ಪದ್ಧತಿ ಇದೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಪತ್ರಿಕೆಗೆ ಬೇಡದ ಮಾತನ್ನು ಆಡಬೇಕೆನಿಸಿದರೆ ಜನ ವರದಿಗಾರನ ಪೆನ್ನು ಕೇಳುತ್ತಾರೆ. “ಒಂಚೂರು ಪೆನ್ನು ಕೊಡಿ” ಅಂದರೆ ಮುಗಿಯಿತು, ಕೊಡಲೇಬೇಕು. ಪೆನ್ನು ಅವರ ಕೈಯಲ್ಲಿರುವಷ್ಟು ಹೊತ್ತು ಆಡಿದ್ದು ಅಲ್ಲಿಗೇ. ಪೆನ್ನು ವಾಪಸು ಬಂದ ಮೇಲಿನ ಮಾತಷ್ಟೇ ನಮ್ಮದು. ಕೈಗೆ ಪೆನ್ನು ಬಂದರೆ ಸಾಕು, ಎಂಥವರೂ ಬಾಯಿ ಬಿಡುತ್ತಾರೆ. ಹೀಗೆ ಊರಿನ ಅರ್ಧ ಮನೆಗಳ ಒಳಗುಟ್ಟು ನನ್ನ ಹೊಟ್ಟೆಯಲ್ಲಿತ್ತು. ಒಂದಾದರೂ ಹೊರಗೆ ಬಿದ್ದಿರಲಿಲ್ಲ.

ಭಾನುವಾರ ನಾಲ್ಕನೆಯ ಪುಟದಲ್ಲಿ ಕಥೆ ಬರುತ್ತದೆ. ಕಥೆ ಅಂದಮೇಲೆ ಒಣಗುವುದೆಲ್ಲಿಂದ? ಅದಕ್ಕೇ ಜನ ಅದನ್ನು ಒದ್ದೆ ಪುಟ ಎನ್ನುತ್ತಾರೆ. ಅಂಚು ಹಿಡಿದುಕೊಂಡು ಓದುತ್ತಾರೆ, ಆದರೂ ಓದಿ ಮುಗಿಸುವಾಗ ಹತ್ತೂ ಬೆರಳು ಕಪ್ಪು. ಹೋಟೆಲುಗಳಲ್ಲಿ ಭಾನುವಾರ ಮಾತ್ರ ಕೈ ಒರೆಸಲು ಸೀಮೆಎಣ್ಣೆ ಬಟ್ಟೆ ಇಟ್ಟಿರುತ್ತಾರೆ. ಇಪ್ಪತ್ತು ವರ್ಷ ಆ ಪುಟ ತುಂಬಿಸಿದವರು ಡ್ರಾಯಿಂಗ್ ಮೇಷ್ಟರಾಗಿದ್ದ ಶ್ಯಾಮಾಚಾರ್ಯರು. ಅವರ ಕಥೆಯನ್ನು ಓದಿ ಎತ್ತಿದರೆ ಹಾಳೆ ಪೂರ್ತಿ ಬೆಳ್ಳಗೆ, ಒಂದಕ್ಷರ ಉಳಿಯುತ್ತಿರಲಿಲ್ಲ. ಅಷ್ಟು ಅಪ್ಪಟ ಸುಳ್ಳು, ಅಷ್ಟು ಚಂದ. ಅವರು ತೀರಿಕೊಂಡ ಮೇಲೆ ಧರಣೇಂದ್ರಯ್ಯನವರು ಆ ಪುಟವನ್ನು ನನ್ನ ಕೊರಳಿಗೆ ಕಟ್ಟಿದರು.

ನನಗೆ ಬರಲಿಲ್ಲ. ನೋಡಿದ್ದನ್ನೇ ಬರೆದು ಬರೆದು ಪಳಗಿದ ಕೈ ನೋಡದ್ದರ ಹತ್ತಿರ ಹೋದರೆ ಮರಗಟ್ಟುತ್ತಿತ್ತು. “ಒಂದೂರಲ್ಲಿ ಒಬ್ಬ ರಾಜ” ಎಂದು ಬರೆದ ಕೂಡಲೇ ಒಳಗಿನ ವರದಿಗಾರ, ಯಾವೂರು, ವಯಸ್ಸೆಷ್ಟು, ಹೇಳಿದವರು ಯಾರು ಎಂದು ಕೇಳುತ್ತಿದ್ದ. ಹೇಗೋ ಎಳೆದಾಡಿ ಮೂರು ವಾರ ಮೂರು ಕಥೆ ಬರೆದೆ. ಹೋಟೆಲಿನ ಶೇಷಪ್ಪ ಎಲ್ಲರೆದುರಿಗೆ, “ಬೆರಳಿಗೆ ಹತ್ತಿತು ಸಿದ್ದಪ್ಪನೋರೆ, ಮನಸ್ಸಿಗೆ ಹತ್ತಲಿಲ್ಲ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಆ ಹೊತ್ತಿಗೆ ಕೆರೆ ತುಂಬಿ ಊರಿಗೆ ಗಂಡಾಂತರ ಬಂದು ಇಪ್ಪತ್ತು ವರ್ಷ ತುಂಬುವುದರಲ್ಲಿತ್ತು. ಆ ಕಥೆ ಇಲ್ಲಿಯ ಎಲ್ಲರಿಗೂ ಬಾಯಿಪಾಠ. ಊರಿನ ಮೇಲ್ಗಡೆ ದೊಡ್ಡ ಕೆರೆ, ಅದರ ಏರಿಯ ಮೇಲೆ ಕಬ್ಬಿಣದ ಚಕ್ರದ ಗೇಟು. ಗೇಟು ಎತ್ತಿದರೆ ನೀರು ಪಕ್ಕದ ಕಾಲುವೆಗೆ ಬಿದ್ದು ಊರು ತಪ್ಪಿಸಿ ಹೋಗುತ್ತದೆ. ಎತ್ತುವ ಮೊದಲು ಮೂರು ಸಲ ಸೀಟಿ ಊದಬೇಕು, ಕಾಲುವೆಯಲ್ಲಿ ಬಟ್ಟೆ ಒಗೆಯುವವರು ದನ ಮೇಯಿಸುವವರು ಮೇಲೆ ಬರಲಿ ಎಂದು. ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಏರಿ ಜಿನುಗತೊಡಗಿದಾಗ ಗೇಟು ಕಾಯುವ ದುರುಗಪ್ಪ ಒಬ್ಬನೇ ಚಕ್ರ ತಿರುಗಿಸಿ ನೀರು ಬಿಟ್ಟು, ಕಾಲುಜಾರಿ ಕಾಲುವೆಗೆ ಬಿದ್ದು ಸತ್ತ. ಎರಡು ಮೈಲಿ ಕೆಳಗೆ ಹೆಣ ಸಿಕ್ಕಿತು, ಕೊರಳಲ್ಲಿ ಸೀಟಿ ಹಾಗೇ ಇತ್ತು. ಇದನ್ನು ಬರೆದವನು ನಾನೇ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅದು ಚೆನ್ನಾಗಿ ಒಣಗಿತು. ಏರಿಯ ಮೇಲೆ ದುರುಗಪ್ಪನ ಹೆಸರಿನ ಕಲ್ಲು ನಿಂತಿತು. ವರ್ಷಕ್ಕೊಮ್ಮೆ ಅಲ್ಲಿ ಸಭೆ ಸೇರುತ್ತದೆ, ಅವನ ಹೆಂಡತಿ ಹನುಮಕ್ಕನನ್ನು ವೇದಿಕೆಗೆ ಕರೆಯುತ್ತಾರೆ. ಅವಳ ಮಗ ಪಾತಲಿಂಗನಿಗೆ ಹದಿನೆಂಟು ತುಂಬಿದಾಗ ಅಪ್ಪನ ಕೆಲಸವನ್ನೇ ಕೊಟ್ಟರು. ಅಪ್ಪನ ಸೀಟಿಯನ್ನೇ ಕೊರಳಿಗೆ ಹಾಕಿಕೊಂಡು ಅವನು ಗೇಟು ಕಾಯುತ್ತಾನೆ. ಗಟ್ಟಿ ಆಳು, ಮಾತು ಕಮ್ಮಿ. ಅಪ್ಪನ ಮಾತು ಬಂದರೆ ಮಾತ್ರ ಅವನ ಮುಖ ಅರಳುತ್ತಿತ್ತು.

ಇಪ್ಪತ್ತನೇ ವರ್ಷದ ವಿಶೇಷ ವರದಿಗೆಂದು ಹನುಮಕ್ಕನ ಮನೆಗೆ ಹೋದೆ. ಏರಿಯ ಪಕ್ಕದಲ್ಲೇ ಎರಡು ಕೋಣೆಯ ಮನೆ. ಅವಳು ಮಂಡಕ್ಕಿ ಕಲಸಿ ಕೊಟ್ಟಳು, ತಾನು ಹೊಸ್ತಿಲ ಮೇಲೆ ಕೂತಳು. ಎಂದಿನ ಪ್ರಶ್ನೆ ಕೇಳಿದೆ, ಎಂದಿನ ಉತ್ತರ ಕೊಟ್ಟಳು. ಹೊರಡುವಾಗ, ವರ್ಷವರ್ಷವೂ ಗಮನಿಸಿದ್ದ ಒಂದನ್ನು ಸುಮ್ಮನೆ ಕೇಳಿದೆ. ವೇದಿಕೆಯ ಮೇಲೆ ಅವಳು ಕೈಮುಗಿಯುವಾಗ ಎರಡು ಅಂಗೈ ಕೂಡುವುದಿಲ್ಲ. ಎಡಗೈ ಮಣಿಕಟ್ಟು ಸೊಟ್ಟ, ನಡುವೆ ಮೂರು ಬೆರಳಿನಷ್ಟು ಸಂದು ಉಳಿಯುತ್ತದೆ. “ಆ ಕೈಗೆ ಏನಾಗಿತ್ತಕ್ಕ?”

ಅವಳು ಆ ಕೈಯನ್ನು ಮಡಿಲಿಗೆ ಎಳೆದುಕೊಂಡಳು. “ಒಳ್ಳುಕಲ್ಲು ಜಾರಿ ಬಿತ್ತು ಅಂತ ಹೇಳ್ಕೆಂತ ಬಂದೀನಿ. ಆ ಪೆನ್ನು ಇತ್ತ ಕೊಡು.”

ಕೊಟ್ಟೆ. ಅದೇ ಎಡಗೈಯಲ್ಲಿ ಹಿಡಿದುಕೊಂಡಳು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಬೀಳದ ಹಾಗೆ ಎದೆಗೆ ಒತ್ತಿಕೊಂಡಳು.

“ಅವತ್ತು ನನ್ನ ಗಂಡ ಗೇಟು ತಿರುಗಿಸ್ಲಿಲ್ಲ ಕಣಪ್ಪ. ಏರಿ ಜಿನುಗೋದು ಕಂಡಿದ್ದೇ ತಡ, ಕಾಲುವೆ ದಂಡೆ ಹಿಡ್ಕಂಡು ಓಡಿದ. ಹೆದರಿಕಂಡ, ಪಾಪ. ಎಂಥೋರಿಗೂ ಹೆದರಿಕೆ ಆಗ್ತೈತೆ. ನಾನು ಹೋಗಿ ಚಕ್ರ ಹಿಡಿದೆ. ಅವನು ಓಡ್ತಿರೋದು ನಂಗೆ ಕಾಣ್ತಿತ್ತು. ಸೀಟಿ ಊದಾನ ಅಂದ್ರೆ ಸೀಟಿ ಅವನ ಕೊಳ್ಳಾಗೇ ಐತೆ. ಕೂಗ್ದೆ, ಕೂಗ್ದೆ, ಮಳೆ ಸದ್ದಿಗೆ ಕೇಳಿಸ್ಲಿಲ್ಲ. ಕಂಡೂ ಕಂಡೂ ತಿರುಗಿಸಿದೆ. ಅರ್ಧಕ್ಕೆ ಚಕ್ರ ಎದುರು ಹೊಡೀತು, ಈ ಕೈ ಮುರೀತು. ಇನ್ನೊಂದು ಕೈಯಾಗೆ ಪೂರ್ತಿ ತಿರುಗಿಸಿದೆ. ನೀರು ದಂಡೆ ಮೀರಿ ಅವನನ್ನ ಎಳ್ಕಂಡು ಹೋಯ್ತು.”

“ಊರು ಉಳೀತಲ್ಲಕ್ಕ” ಅಂದೆ.

“ಊರು ಯಾರಿಗೆ ನೆಪ್ಪಿತ್ತಪ್ಪ? ಕೆಳಗೆ ಸ್ಕೂಲ್ನಾಗೆ ಪಾತಲಿಂಗ ಇದ್ದ. ಇಬ್ಬರಾಗೆ ಒಬ್ಬ ಅನ್ನೋ ಹಂಗಾಯ್ತು.” ಆಮೇಲೆ ಹೇಳಿದಳು: “ಅವನಿಗೆ ಮಾತ್ರ ಗೊತ್ತಾಗ್ಬಾರ್ದು. ಅಪ್ಪ ಓಡಿಹೋದ ಅಂತಾನೂ ಗೊತ್ತಾಗ್ಬಾರ್ದು, ಅವ್ವ ಕೊಂದ್ಲು ಅಂತಾನೂ ಗೊತ್ತಾಗ್ಬಾರ್ದು, ಅದು ತನಗೋಸ್ಕರ ಅಂತಂತೂ ಗೊತ್ತಾಗ್ಲೇಬಾರ್ದು. ಒಬ್ಬರಿಗಾದ್ರೂ ಹೇಳಿ ಸಾಯಾನ ಅನ್ನಿಸ್ತು, ಹೇಳ್ದೆ. ತಗಾ ನಿನ್ನ ಪೆನ್ನು.”

ಆಫೀಸಿಗೆ ಬಂದು ವಿಶೇಷ ವರದಿ ಬರೆಯಲು ಕೂತೆ. ದುರುಗಪ್ಪ ಗೇಟು ತಿರುಗಿಸಿದ ಎಂದು ಇನ್ನು ನಾನು ಬರೆಯುವಂತಿಲ್ಲ, ಹಸಿಯಾಗುತ್ತದೆ. ಹಾಗಾಗಿ ಕೆರೆಯ ಹೂಳಿನ ಬಗ್ಗೆ ಬರೆದುಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪಾಪಿ ಮನುಷ್ಯನಾಗಿ ಉಳಿಯುತ್ತಿದ್ದ. ಭಾನುವಾರಕ್ಕೆ ಕಥೆ ಇರಲಿಲ್ಲ. ಹನುಮಕ್ಕನ ಮಾತು ಕಿವಿಯಲ್ಲೇ ಕೂತಿತ್ತು. ಆಗ ತಲೆಗೆ ಹೊಳೆದದ್ದು ಒಂದು ವಾದ: ಅವಳು ಪೆನ್ನು ಇಸಿದುಕೊಂಡದ್ದು ಸುದ್ದಿಗೆ ಬೇಡವೆಂದು. ಕಥೆ ಸುದ್ದಿಯಲ್ಲವಲ್ಲ! ಎಷ್ಟು ಚೊಕ್ಕವಾದ ವಾದ ನೋಡಿ. ವಕೀಲನಾಗಿದ್ದರೆ ಮುಂದೆ ಬರುತ್ತಿದ್ದೆ.

ಒಂದೇ ಏಟಿಗೆ ಬರೆದು ಮುಗಿಸಿದೆ. ಹನುಮಕ್ಕ ಪಾರ್ವತಮ್ಮನಾದಳು, ದುರುಗಪ್ಪ ನಂಜಪ್ಪನಾದ, ಕೆರೆ ಅಣೆಕಟ್ಟಾಯಿತು, ಮಗ ಮಗಳಾದ. ಮಿಕ್ಕಿದ್ದೆಲ್ಲ ಅವಳು ಹೇಳಿದ ಹಾಗೇ ಇತ್ತು. ಸೀಟಿ ಅವನ ಕೊರಳಲ್ಲೇ ಇದ್ದದ್ದು, ಮಳೆಯ ಸದ್ದು, ಇಬ್ಬರಲ್ಲಿ ಒಬ್ಬ ಎಂಬ ಮಾತು. ಕೊನೆಯಲ್ಲಿ ಅವಳು ಕೈಮುಗಿಯುತ್ತಾಳೆ, ಅಂಗೈಗಳು ಕೂಡುವುದಿಲ್ಲ. ಅದನ್ನು ಬರೆಯುವಾಗ ಒಮ್ಮೆ ಪೆನ್ನು ತಡೆಯಿತು. ಕೈ ಬೇಡ, ಕಾಲು ಕುಂಟು ಅಂತ ಬರೆಯೋಣ ಅಂದುಕೊಂಡೆ. ಆದರೆ ಬೇರೆಯವರ ಕಣ್ಣಿಗೆ ಬೀಳದ ಆ ಒಂದು ಸಣ್ಣ ಸಂಗತಿ ಅದೇ ಆಗಿತ್ತು. ಅದನ್ನು ಬಿಡಲು ಜೀವ ಒಪ್ಪಲಿಲ್ಲ. ಬರೆದು, ನನ್ನದೇ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು ಖುಷಿಪಟ್ಟೆ. ಥೂ!

ಧರಣೇಂದ್ರಯ್ಯನವರು ಕಣ್ಣಿನ ಆಪರೇಷನ್ನಿಗೆಂದು ಬೇರೆ ಊರಿಗೆ ಹೋಗಿದ್ದರು. ಶನಿವಾರ ಸಂಜೆ ಮೆಷಿನ್ನಿನ ಗಫೂರ್ ಸಾಬರು ಪ್ರೂಫು ಹಿಡಿದುಕೊಂಡು ಬಂದರು. “ಏನ್ ಸಿದ್ದಪ್ಪನೋರೆ, ಒದ್ದೆ ಪುಟ ಒಣಗ್ತಾ ಇದೆಯಲ್ಲ?”

ಹೆಬ್ಬೆರಳು ಒತ್ತಿದೆ. ಪಾರ್ವತಮ್ಮ ಹತ್ತಿದಳು. ಮಿಕ್ಕ ಸಾಲು ಸುದ್ದಿಯ ಹಾಗೆ ಒಣಗಿತ್ತು. ನನ್ನ ಕಣ್ಣೆದುರಿಗೇ ಇತ್ತು, ಗೊತ್ತಿರಲಿಲ್ಲ ಎಂದು ಹೇಳಲು ಬಾಯಿಲ್ಲ. ಅದನ್ನು ಮುದುರಿ ಎಸೆದು ರಾಜನ ಕಥೆ ಹಾಕಬಹುದಿತ್ತು. ಶೇಷಪ್ಪನ ನಗೆ ನೆನಪಾಯಿತು. “ಶಾಯಿಗೆ ಒಂದು ಸೌಟು ಸೀಮೆಎಣ್ಣೆ ಬೆರೆಸಿ ಸಾಬರೆ, ಹಸಿಯಾಗೇ ಇರ್ಲಿ” ಅಂದೆ.

“ಯಜಮಾನರಿಗೆ ಗೊತ್ತಾ?”

“ಗೊತ್ತು” ಅಂದೆ. ಬಾಯಿಗೆ ಶಾಯಿ ಇಲ್ಲವಲ್ಲ.

ಭಾನುವಾರ ಬೆಳಿಗ್ಗೆ ಪೇಟೆಯಲ್ಲಿ ನಡೆದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಎಲ್ಲರ ಬೆರಳೂ ಕಪ್ಪು, ಕೆಲವರ ಕಣ್ಣು ಒದ್ದೆ. ಶೇಷಪ್ಪ ಗಲ್ಲಾ ಬಿಟ್ಟು ಎದ್ದು ಬಂದು, “ಆಹಾ ಸಿದ್ದಪ್ಪನೋರೆ! ಎಲ್ಲಿಂದ ಹುಟ್ಟಿಸಿದ್ರಿ ಇದನ್ನ? ಆಚಾರ್ಯರನ್ನ ಮೀರಿಸಿಬಿಟ್ರಿ” ಎಂದು ಎರಡು ಕೈಯಿಂದ ನನ್ನ ಕೈ ಹಿಡಿದುಕೊಂಡ. “ಏನೋ, ಹಾಗೇ ಹೊಳೀತು” ಅಂದೆ. ಅವತ್ತು ಅವನು ಕೊಟ್ಟ ಖಾಲಿ ದೋಸೆ ನಾಲ್ಕು ತಿಂದೆ. ಅಷ್ಟು ರುಚಿಯಾಗಿ ಹಿಂದೆ ಯಾವತ್ತೂ ತಿಂದಿರಲಿಲ್ಲ.

ಸೀಮೆಎಣ್ಣೆ ಬಿಸಿಲಿಗೆ ಹಾರಿಹೋಗುತ್ತದೆ. ಇದು ಅಡುಗೆಮನೆಯಲ್ಲಿ ಸ್ಟೌ ಇರುವ ಎಲ್ಲರಿಗೂ ಗೊತ್ತು, ನನಗೆ ಮಾತ್ರ ನೆನಪಾಗಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಹೋಟೆಲಿನ ಬೆಂಚಿನ ಮೇಲೆ ಬಿದ್ದಿದ್ದ ಪತ್ರಿಕೆಯಿಂದ ಶೇಷಪ್ಪ ಟೇಬಲ್ಲು ಒರೆಸಲು ಹೋದನಂತೆ. ಟೇಬಲ್ಲಿಗೆ ಶಾಯಿ ಹತ್ತಲಿಲ್ಲ. ಬಿಡಿಸಿ ನೋಡಿದ. ಅಲ್ಲಲ್ಲಿ ಹೆಸರುಗಳಿದ್ದ ಜಾಗ ಅಳಿಸಿ ಬೆಳ್ಳಗಾಗಿತ್ತು. ‘ಅಣೆಕಟ್ಟು’ ಇರಲಿಲ್ಲ. ‘ಮಗಳು’ ಇರಲಿಲ್ಲ. ಉಳಿದದ್ದೆಲ್ಲ ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತಿತ್ತು. ಗೇಟು, ಚಕ್ರ, ಸೀಟಿ, ಓಡಿದ ಗಂಡ, ಕೂಡದ ಅಂಗೈ. ನಾನು ಯಾವುದನ್ನು ಮುಚ್ಚಲು ಹೋಗಿದ್ದೆನೋ ಅಷ್ಟನ್ನೇ ಶಾಯಿ ಎತ್ತಿ ತೋರಿಸುತ್ತಿತ್ತು. ಇಪ್ಪತ್ತು ವರ್ಷ ವೇದಿಕೆಯ ಕೆಳಗೆ ಕೂತು ಹನುಮಕ್ಕನ ನಮಸ್ಕಾರ ನೋಡಿದ ಜನಕ್ಕೆ ಇನ್ನೇನು ಬೇಕು?

ನಾಲ್ಕು ಗಂಟೆಗೆ ಹನುಮಕ್ಕ ಆಫೀಸಿಗೆ ಬಂದಳು. ನಾನೊಬ್ಬನೇ ಇದ್ದೆ. ಅವಳಿಗೆ ಓದು ಬರುವುದಿಲ್ಲ, ಪಕ್ಕದ ಮನೆಯವರು ಓದಿ ಹೇಳಿದ್ದರು. ಪತ್ರಿಕೆಯನ್ನು ಮಡಚಿ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಕೂರಕ್ಕ ಅಂದೆ, ಕೂರಲಿಲ್ಲ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಹಾಗಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಪೆನ್ನು ನನ್ನ ಕೈಯಾಗೆ ಇತ್ತಲ್ಲಪ್ಪ?” ಅಂದಳು. ನಿಜಕ್ಕೂ ಕೇಳುವ ಹಾಗೆ, ತನ್ನದೇ ಏನಾದರೂ ತಪ್ಪಾಯಿತೇನೋ ಎಂಬ ಹಾಗೆ.

“ಇತ್ತಕ್ಕ.”

“ಮತ್ತೆ?”

ಸುದ್ದಿ ಬೇರೆ ಕಥೆ ಬೇರೆ ಎಂಬ ವಾದ ಗಂಟಲಿನವರೆಗೆ ಬಂದು ಅಲ್ಲೇ ಸತ್ತಿತು. ತಲೆ ತಗ್ಗಿಸಿ ನಿಂತೆ.

“ಆಗಿದ್ದು ಆಯ್ತು. ಪಾತಲಿಂಗ ಇನ್ನೂ ಓದಿಲ್ಲ, ಕಾಲುವೆ ಕೆಲಸಕ್ಕೆ ಹೋಗವ್ನೆ. ನಾಳೆ ಯಾರಾದ್ರೂ ತೋರಿಸ್ತಾರೆ, ನಿನ್ ತಾವ ಬರ್ತಾನೆ. ಎಲ್ಲಾ ನೀನೇ ಕಟ್ಟಿದ ಕಥೆ ಅಂತ ಹೇಳು. ಬಾಯಾಗೆ ಹೇಳಿದ್ರೆ ಸಾಕು. ಅಷ್ಟು ಮಾಡ್ತೀಯಾ?”

“ಮಾಡ್ತೀನಕ್ಕ. ಆಣೆ ಮಾಡಿ ಹೇಳ್ತೀನಿ.”

“ಆಣೆಗೀಣೆ ಬ್ಯಾಡ” ಎಂದು ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಪಾತಲಿಂಗ ಬಂದ. ಕೈಯಲ್ಲಿ ಎರಡು ಪತ್ರಿಕೆ. ಒಂದು ನಿನ್ನೆಯದು, ಇನ್ನೊಂದು ಇಪ್ಪತ್ತು ವರ್ಷ ಟ್ರಂಕಿನಲ್ಲಿಟ್ಟು ಹಳದಿಯಾದ ನನ್ನ ಹಳೆ ವರದಿ. ಎರಡನ್ನೂ ಮೇಜಿನ ಮೇಲೆ ಬಿಡಿಸಿ ಎರಡರ ಮೇಲೂ ಹೆಬ್ಬೆರಳು ಎಳೆದು ನನಗೆ ತೋರಿಸಿದ. ಬೆರಳು ಸ್ವಚ್ಛವಾಗಿತ್ತು.

“ಎರಡೂ ನೀವೇ ಬರೆದಿದ್ದು ಸಿದ್ದಣ್ಣ. ಎರಡೂ ಒಣಗೈತೆ. ಯಾವ್ದು ಖರೆ?”

“ಅದು ಕಥೆ ಕಣೋ ಪಾತಲಿಂಗ. ನಾನೇ ಕಟ್ಟಿದ್ದು. ಮೆಷಿನ್ನಿನಲ್ಲಿ ಏನೋ ಶಾಯಿ ಹೆಚ್ಚುಕಮ್ಮಿ ಆಗಿದೆ.”

“ಹಂಗಾದ್ರೆ ‘ನಾನೇ ಕಟ್ಟಿದ್ದು’ ಅಂತ ಅಷ್ಟನ್ನೇ ಮೊಳೆ ಜೋಡ್ಸಿ ಒಂದು ಚೀಟಿ ತೆಗೆದುಕೊಡಿ. ಪತ್ರಿಕೆಗೆ ಬ್ಯಾಡ, ನಂಗೆ.”

ಬೇಡ ಎಂದು ಗದರಿ ಕಳಿಸಬಹುದಿತ್ತು. ಹಸಿ ಚೀಟಿಯನ್ನೇ ಕೊಟ್ಟು ಅವನ ಬೆರಳು ಕಪ್ಪಾಗುವುದನ್ನು ನೋಡಬಹುದಿತ್ತು. ನಾನು ಎರಡೂ ಮಾಡಲಿಲ್ಲ. ಇಪ್ಪತ್ತೆರಡು ವರ್ಷದ ಕಸುಬು ಕೈಹಿಡಿಯಿತು. ಮೊಳೆ ಜೋಡಿಸಿ, ಶಾಯಿ ಸವರಿ, ಚೀಟಿ ಒತ್ತಿ ಕೊಟ್ಟೆ: ‘ದುರುಗಪ್ಪ ಓಡಿದ್ದನ್ನು ನಾನು ನೋಡಿಲ್ಲ. ಗೇಟನ್ನು ಯಾರು ತಿರುಗಿಸಿದರೆಂದು ನಾನು ಕಣ್ಣಾರೆ ಕಂಡಿಲ್ಲ.’ ಒಂದೊಂದು ಅಕ್ಷರವೂ ನಿಜ. ಗಳಿಗೆಯಲ್ಲಿ ಒಣಗಿತು.

ಪಾತಲಿಂಗ ಬೆರಳು ಎಳೆದ, ಓದಿದ, ಮತ್ತೊಮ್ಮೆ ಓದಿದ. ಗೇಟು ಕಾಯುವವನೆಂದರೆ ದಡ್ಡನೇನಲ್ಲ. ನೀರು ಎಲ್ಲಿ ಜಿನುಗುತ್ತಿದೆ ಎಂದು ಹುಡುಕುವುದೇ ಅವನ ಕೆಲಸ.

“ನೋಡಿಲ್ಲ. ಸರಿ” ಅಂದ. “ನಮ್ಮವ್ವನ ಬಾಯಿಂದ ಕೇಳಿಲ್ಲ ಅಂತ ಇನ್ನೊಂದು ಜೋಡ್ಸಿ.”

ಮೊಳೆಪೆಟ್ಟಿಗೆಯ ಮುಂದೆ ನಿಂತೆ. ‘ಹ’ ಎತ್ತಿಕೊಂಡೆ, ಕೆಳಗಿಟ್ಟೆ. ಅವನು ಅವಸರ ಮಾಡಲಿಲ್ಲ, ಬಾಗಿಲಿಗೆ ಒರಗಿ ಕಾದ. ಕೊರಳಿನ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

“ಆಯ್ತು ಬಿಡಿ ಸಿದ್ದಣ್ಣ” ಅಂದ. ಮೆಟ್ಟಿಲು ಇಳಿಯುವಾಗ ತನಗೇ ಹೇಳಿಕೊಳ್ಳುವಂತೆ ಅಂದ, “ಅವತ್ತು ಸ್ಕೂಲ್ನಾಗೆ ಹದಿನಾರರ ಮಗ್ಗಿ ಒಪ್ಪಿಸೋದಿತ್ತು. ಮಳೆ ಬಂತು ಅಂತ ಖುಷಿಯಾಗಿದ್ದೆ.”

ಧರಣೇಂದ್ರಯ್ಯನವರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ವಾಪಸು ಬಂದರು. ಓದಲಾಗುತ್ತಿರಲಿಲ್ಲ, ಒದ್ದೆ ಪುಟದ ಮೇಲೆ ಅಂಗೈ ಆಡಿಸಿದರು. ಕೂಗಾಡಲಿಲ್ಲ. “ಕೇಳಿದ್ದನ್ನ ಕೇಳಿದೆ ಅಂತ ಬರಿ ಅಂದಿದ್ದೆ ಸಿದ್ದಪ್ಪ. ಕೇಳಿದ್ದನ್ನ ಹುಟ್ಟಿಸಿದೆ ಅಂತ ಬರಿ ಅಂದಿರಲಿಲ್ಲ” ಎಂದರು. ಕೆಲಸ ಬಿಡುತ್ತೇನೆ ಅಂದೆ. “ಬಿಟ್ಟು ಎಲ್ಲಿಗೆ ಹೋಗ್ತೀಯ? ಮುಂದಿನ ವಾರ ಏರಿ ಮೇಲೆ ಸಭೆ ಇದೆ. ವರದಿಗೆ ನೀನೇ ಹೋಗು.” ಅದಕ್ಕಿಂತ ದೊಡ್ಡ ಶಿಕ್ಷೆ ಅವರಿಗೂ ತೋಚಲಿಲ್ಲವೆಂದು ಕಾಣುತ್ತದೆ.

ಊರು ಹನುಮಕ್ಕನನ್ನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಕೊಂಡಾಡತೊಡಗಿತು. ಗಂಡನಿಗಿಂತ ಊರೇ ದೊಡ್ಡದೆಂದ ಮಹಾತಾಯಿ ಎಂದು ಪುರಸಭೆಯವರು ಶಾಲು ತರಿಸಿದರು. ಕಲ್ಲಿನ ಮೇಲಿದ್ದ ದುರುಗಪ್ಪನ ಹೆಸರು ತೆಗೆದು ಅವಳ ಹೆಸರು ಕೆತ್ತಿಸುವ ಮಾತು ಬಂತು. ಬೀದಿಯಲ್ಲಿ ನನ್ನ ಬೆನ್ನು ತಟ್ಟುವವರೂ ಇದ್ದರು: “ಸತ್ಯ ಹೊರಗೆ ತಂದ್ರಿ ನೋಡಿ!” ಎನ್ನುತ್ತಿದ್ದರು. ಪಾತಲಿಂಗ ಆ ವಾರವೆಲ್ಲ ಗೇಟಿನ ಪಕ್ಕದ ಸಾಮಾನಿನ ಕೋಣೆಯಲ್ಲೇ ಮಲಗಿದ, ಮನೆಗೆ ಊಟಕ್ಕೆ ಹೋಗಲಿಲ್ಲ. ಹನುಮಕ್ಕ ಬುತ್ತಿ ತಂದು ಬಾಗಿಲ ಮುಂದಿಟ್ಟು ಹೋಗುತ್ತಿದ್ದಳಂತೆ. ಸಂಜೆ ಬಂದು ನೋಡಿದರೆ ಬುತ್ತಿ ಹಾಗೇ ಇರುತ್ತಿತ್ತಂತೆ.

ಸಭೆಗೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂರಬೇಕಾಯಿತು, ಪತ್ರಿಕೆಯವರ ಜಾಗ ಅದು. ಅಧ್ಯಕ್ಷರು ಉದ್ದುದ್ದ ಮಾತಾಡಿ ಶಾಲು ಎತ್ತಿದರು. ಹನುಮಕ್ಕ ಕೈ ಅಡ್ಡ ಹಿಡಿದು ತಡೆದಳು. ಇಪ್ಪತ್ತು ವರ್ಷದಲ್ಲಿ ಆ ವೇದಿಕೆಯ ಮೇಲೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಮೈಕು ಬೇಡವೆಂದಳು.

“ಗೇಟು ತಿರುಗಿಸಿದ್ದು ನನ್ನ ಗಂಡ. ಸೀಟಿ ಊದಿದ, ತಿರುಗಿಸಿದ, ಜಾರಿಬಿದ್ದ. ನಾನು ಮನೆಯಾಗೆ ಒಲೆ ಮುಂದೆ ಇದ್ದೆ. ಈ ಕೈ ಒಳ್ಳು ಬಿದ್ದು ಮುರಿದಿದ್ದು. ಕಥೆ ಬರೆಯೋರು ಹೊಟ್ಟೆಪಾಡಿಗೆ ಏನಾರ ಬರೀತಾರೆ, ಅದನ್ನ ಖರೆ ಅನ್ಕಬ್ಯಾಡಿ. ಕಲ್ಲು ಮುಟ್ಟಬ್ಯಾಡಿ.” ಮಾತು ಮುಗಿಸಿ ಕೈಮುಗಿದಳು. ನಡುವೆ ಅದೇ ಸಂದು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಿದ್ದವರೆಲ್ಲ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು.

ಆಮೇಲೆ ಪದ್ಧತಿಯಂತೆ ಗೇಟು ಒಂದು ಗೇಣು ಎತ್ತುವುದು. ಪಾತಲಿಂಗ ಚಕ್ರದ ಹತ್ತಿರ ಹೋದ. ಮೂರು ಸಲ ಸೀಟಿ ಊದಿದ, ಎಂದಿಗಿಂತ ಉದ್ದಕ್ಕೆ. ಊದಿ ಮುಗಿಸಿದ ಮೇಲೂ ಚಕ್ರ ಮುಟ್ಟಲಿಲ್ಲ. ಕಾಲುವೆಯ ದಂಡೆಯನ್ನು ಆ ತುದಿಯವರೆಗೆ ನೋಡುತ್ತಾ ನಿಂತ. ಅಲ್ಲಿ ಯಾರೂ ಇರಲಿಲ್ಲ. ಜನ ಗುಸುಗುಸು ಎನ್ನುವಷ್ಟು ಹೊತ್ತು ಕಾದು, ಆಮೇಲೆ ತಿರುಗಿಸಿದ. ಇಳಿದು ಬಂದು ಅವ್ವನ ಬಲಗೈ ಹಿಡಿದು ವೇದಿಕೆಯಿಂದ ಇಳಿಸಿದ. “ಉಂಡಿಯೇನೋ?” ಎಂದು ಅವಳು ಕೇಳಿದ್ದು ನನಗೆ ಕೇಳಿಸಿತು. “ಇನ್ನೂ ಇಲ್ಲವ್ವ, ಮನೆಗೇ ಬರ್ತೀನಿ” ಅಂದ.

ನಾನು ಅವರ ಹಿಂದೆಯೇ ಹೋದೆ. ತಪ್ಪಾಯಿತು ಎನ್ನುವುದಕ್ಕೂ ಮುಖ ಬೇಕು. ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಚಾಚಿದೆ. ಬೈಯುವುದಿದ್ದರೆ ಬೈಯಲಿ, ಅದು ನನ್ನಲ್ಲೇ ಇರಲಿ ಎಂದು. ಹನುಮಕ್ಕ ಪೆನ್ನನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

“ಈಗ ಹೇಳಿದ್ದೆಲ್ಲ ಬರ್ಕಾ ಸಿದ್ದಪ್ಪ. ಪೆನ್ನು ನಿನ್ನ ಕೈಯಾಗೇ ಇರ್ಲಿ.”

ಬರೆದೆ. ‘ಗೇಟನ್ನು ತಿರುಗಿಸಿದ್ದು ನನ್ನ ಗಂಡ ಎಂದು ಹನುಮಕ್ಕ ಹೇಳಿದರು.’ ಹೇಳಿದ್ದು ನಿಜವಾದ್ದರಿಂದ ಅದು ಒಣಗಿತು. ಮರುದಿನ ಪಾತಲಿಂಗ ಅಂಗಡಿಯಲ್ಲಿ ಪತ್ರಿಕೆ ಕೊಂಡು ಮಡಚಿ ಜೇಬಿಗಿಟ್ಟುಕೊಂಡದ್ದನ್ನು ನೋಡಿದೆ. ಬೆರಳು ಒತ್ತಿ ನೋಡಲಿಲ್ಲ. ಕಲ್ಲು ಇದ್ದ ಹಾಗೇ ಇದೆ. ಆಮೇಲೆ ಇಷ್ಟು ವರ್ಷವಾಯಿತು, ಊರಿನ ಒಬ್ಬರೂ ನನ್ನ ಪೆನ್ನು ಕೇಳಿಲ್ಲ. ಮನೆಗೆ ಹೋದರೆ ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಪತ್ರಿಕೆಗೆ ಬೇಕಾದಷ್ಟು ಮಾತಾಡಿ ಎದ್ದು ನಿಲ್ಲುತ್ತಾರೆ.

ಇದನ್ನು ಇಲ್ಲಿ ಅಚ್ಚು ಹಾಕಿಸುವ ಧೈರ್ಯ ನನಗಿಲ್ಲ, ಅದಕ್ಕೇ ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಈ ಸಲ ಕಥೆ ಬರೆಯುವುದನ್ನು ತಕ್ಕಮಟ್ಟಿಗೆ ಕಲಿತಿದ್ದೇನೆ. ಇಲ್ಲಿ ಕೆರೆ ಅಂದದ್ದು ಕೆರೆಯಲ್ಲ, ಗೇಟು ಗೇಟಲ್ಲ, ಮುರಿದದ್ದು ಕೈಯಲ್ಲ, ನನ್ನ ಹೆಸರೂ ಸಿದ್ದಪ್ಪ ಅಲ್ಲ. ನಮ್ಮೂರಿನ ಶಾಯಿಯಲ್ಲಿ ಇದು ಅಚ್ಚಾಗಿದ್ದರೆ ನಿಮ್ಮ ಹತ್ತೂ ಬೆರಳು ಕಪ್ಪಾಗಿ, ಹಾಳೆಯೆಲ್ಲ ಬೆಳ್ಳಗಾಗಿ, ಕೊನೆಗೆ ಒಂದೇ ಸಾಲು ಒಣಗಿ ಉಳಿಯುತ್ತಿತ್ತು: ಪೆನ್ನು ಅವಳ ಕೈಯಲ್ಲಿತ್ತು.